ಪಿಕಪ್‌ಗೇ ಪಿಕಪ್ ಇಲ್ಲ: ‘ಸ್ಟಾಲ್ ಸ್ಪೀಡ್’ ಎಂದರೇನು?

‘ಸ್ಟಾಲ್’ ಎಂದರೆ ನಮಗೆ ಮೊದಲು ಕಣ್ಣಿಗೆ ಬರುವುದು ಜಾತ್ರೆಯ ಅಂಗಡಿ. ಡ್ರೈವಿಂಗ್ ಕಲಿಯುವವರಿಗೆ ಅದು ಕ್ಲಚ್ ಬೇಗ ಬಿಟ್ಟಾಗ ಇಂಜಿನ್ ಆಫ್ ಆಗುವುದು. ವಿಮಾನ ಹಾರಿಸುವವರಿಗೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವುದು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕಟ್ಟುವವರ ಬಾಯಲ್ಲಿ ಬರುವ ‘ಸ್ಟಾಲ್ ಸ್ಪೀಡ್’ ಇವು ಯಾವುವೂ ಅಲ್ಲ. ಅಲ್ಲಿ ಇಂಜಿನ್ ಆರ್ಭಟಿಸುತ್ತಲೇ ಇರುತ್ತದೆ, ನಿಂತಿರುವುದು ಗೇರ್‌ಬಾಕ್ಸ್ ಕಡೆಯ ಶಾಫ್ಟ್.

ಬ್ರೇಕ್ ಗಟ್ಟಿಯಾಗಿ ತುಳಿದು, ಗೇರ್ ‘ಡಿ’ಗೆ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಇಂಜಿನ್ ಯಾವ ಆರ್‌ಪಿಎಂವರೆಗೆ (ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ) ಏರಿ, ಅದಕ್ಕಿಂತ ಮೇಲೆ ಹೋಗಲಾರದೆ ನಿಲ್ಲುತ್ತದೋ ಅದೇ ಆ ಇಂಜಿನ್ ಮತ್ತು ಆ ಟಾರ್ಕ್ ಕನ್ವರ್ಟರ್ ಜೋಡಿಯ ಸ್ಟಾಲ್ ಸ್ಪೀಡ್. ಟಾರ್ಕ್ ಕನ್ವರ್ಟರ್ ಎಂದರೆ ಇಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ. ಇಲ್ಲಿ ‘ಜೋಡಿ’ ಎಂಬ ಪದವೇ ಮುಖ್ಯ. ಕನ್ವರ್ಟರ್ ಡಬ್ಬದ ಮೇಲೆ 1800 ಎಂದು ಬರೆದಿರುವುದು ಕನ್ವರ್ಟರ್ ಒಂದರ ಗುಣವಲ್ಲ.

ಈ ಪದ ಅಮೆರಿಕದ ಡೀಸೆಲ್ ಪಿಕಪ್ ಟ್ರಕ್ ಮಾಲೀಕರ ನಡುವೆ ಬಹಳ ಬಳಕೆಯಲ್ಲಿದೆ. 5.9 ಲೀಟರ್ ಕಮಿನ್ಸ್ ಇಂಜಿನ್ನಿನ ಡಾಡ್ಜ್ ರಾಮ್ ಇದಕ್ಕೆ ಒಳ್ಳೆಯ ಉದಾಹರಣೆ. 1994–95ರಲ್ಲಿ ಅದಕ್ಕೆ 47ಆರ್‌ಎಚ್, 1996ರಿಂದ 2002ರವರೆಗೆ 47ಆರ್‌ಇ, ಆಮೇಲೆ 48ಆರ್‌ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂತು. ಇಂಜಿನ್ ಗಟ್ಟಿ, ಗೇರ್‌ಬಾಕ್ಸ್ ಅಷ್ಟಲ್ಲ. ಇಂಧನ ಹೆಚ್ಚಿಸಿ ಶಕ್ತಿ ಏರಿಸಿದವರ ಗಾಡಿಯಲ್ಲಿ ಗೇರ್‌ಬಾಕ್ಸ್ ಜಾರತೊಡಗುತ್ತದೆ. ಆಗ ಬಲಪಡಿಸಿದ ಗೇರ್‌ಬಾಕ್ಸನ್ನೂ ‘ಬಿಗಿ’ ಕನ್ವರ್ಟರನ್ನೂ, ಅಂದರೆ ಸ್ಟಾಲ್ ಸ್ಪೀಡ್ ಕಡಿಮೆಯಿರುವುದನ್ನು, ಕೂರಿಸುತ್ತಾರೆ. ಜಾರುವುದೇನೋ ನಿಲ್ಲುತ್ತದೆ, ಆದರೆ ಸಿಗ್ನಲ್‌ನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದರೆ ಗಾಡಿ ಎದ್ದೇಳುವುದೇ ಇಲ್ಲ. ಹೆಸರಿಗೆ ಪಿಕಪ್, ಪಿಕಪ್ ಮಾತ್ರ ಇಲ್ಲ. ಸಾವಿರಾರು ಡಾಲರ್ ಸುರಿದ ಮೇಲೆ ಹೀಗಾದರೆ ಸಿಟ್ಟು ಮೊದಲು ತಿರುಗುವುದು ಗೇರ್‌ಬಾಕ್ಸ್ ಕಟ್ಟಿದವರ ಮೇಲೆ. ಎಷ್ಟೋ ಸಲ ತಪ್ಪು ಅವರದಲ್ಲ, ಆಯ್ದ ಸ್ಟಾಲ್ ಸ್ಪೀಡ್‌ನದು.

(ನಮ್ಮಲ್ಲಿಯೂ ಆಟೊಮ್ಯಾಟಿಕ್ ಫಾರ್ಚುನರ್, ಇನೋವಾ ಕ್ರಿಸ್ಟಾಗಳಲ್ಲಿ ಟಾರ್ಕ್ ಕನ್ವರ್ಟರ್ ಇದೆ. ಕಾರ್ಖಾನೆಯವರೇ ಇಂಜಿನ್ನಿಗೆ ಹೊಂದಿಸಿ ಕೊಡುವುದರಿಂದ ಈ ಪದ ಕಿವಿಗೆ ಬೀಳುವುದಿಲ್ಲ. ಚಿಕ್ಕ ಕಾರುಗಳ ಎಎಂಟಿ ಬೇರೆಯೇ ಜಾತಿ. ಅದರಲ್ಲಿರುವುದು ಸಾಮಾನ್ಯ ಕ್ಲಚ್, ಅದನ್ನು ತುಳಿಯುವುದು ಕಾಲಲ್ಲ, ಯಂತ್ರ.)

ಕನ್ವರ್ಟರ್ ಒಳಗೆ ನಡೆಯುವುದನ್ನು ಮಜ್ಜಿಗೆ ಕಡೆಯುವುದರಿಂದ ಅರ್ಥ ಮಾಡಿಕೊಳ್ಳಬಹುದು. ಕಡೆಗೋಲಿಗೂ ಗಡಿಗೆಗೂ ಗಂಟು ಹಾಕಿಲ್ಲ. ಆದರೂ ಜೋರಾಗಿ ಕಡೆದರೆ ಗಡಿಗೆ ತಿರುಗಲು ನೋಡುತ್ತದೆ, ಒಬ್ಬರು ಹಿಡಿದುಕೊಳ್ಳಬೇಕಾಗುತ್ತದೆ. ಬಲ ದಾಟಿಸಿದ್ದು ನಡುವಿನ ಮೊಸರು. ಕನ್ವರ್ಟರಿನಲ್ಲಿ ಇಂಜಿನ್ ತಿರುಗಿಸುವ ಪಂಪ್ ಚಕ್ರ ಕಡೆಗೋಲು, ಗೇರ್‌ಬಾಕ್ಸ್‌ಗೆ ಕೂಡಿದ ಟರ್ಬೈನ್ ಗಡಿಗೆ, ನಡುವೆ ಟ್ರಾನ್ಸ್‌ಮಿಷನ್ ಆಯಿಲ್. ಬ್ರೇಕ್ ಒತ್ತುವುದೆಂದರೆ ಗಡಿಗೆ ಹಿಡಿದಂತೆ. ಹಿಡಿದ ಗಡಿಗೆಯಲ್ಲಿ ನಿಮ್ಮ ತೋಳಿನ ಬಲವೆಲ್ಲ ಹಾಕಿ ಎಷ್ಟು ವೇಗವಾಗಿ ಕಡೆಯಬಲ್ಲಿರೋ ಅದೇ ಸ್ಟಾಲ್ ಸ್ಪೀಡ್. ಮೊಸರು ಗಟ್ಟಿಯಾದರೆ ವೇಗ ಇಳಿಯುತ್ತದೆ, ಅದು ‘ಬಿಗಿ’ ಕನ್ವರ್ಟರ್. ಅದೇ ಮೊಸರನ್ನು ಪೈಲ್ವಾನ ಕಡೆದರೆ ವೇಗ ಏರುತ್ತದೆ, ಅದು ಶಕ್ತಿ ಹೆಚ್ಚಿಸಿದ ಇಂಜಿನ್.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಕನ್ವರ್ಟರಿನಲ್ಲಿ ಮೂರನೆಯ ಚಕ್ರವೊಂದಿದೆ: ಸ್ಟೇಟರ್. ಟರ್ಬೈನ್‌ನಿಂದ ಮರಳುವ ಆಯಿಲಿನ ದಿಕ್ಕು ತಿರುಗಿಸಿ ಪಂಪ್‌ಗೆ ಸಹಾಯ ಮಾಡುವುದು ಅದರ ಕೆಲಸ. ಅದರಿಂದಾಗಿ ಗಾಡಿ ನಿಂತಲ್ಲಿಂದ ಹೊರಡುವಾಗ ಇಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸ್ ಸೇರುತ್ತದೆ. ಜರ್ಮನಿಯ ಹರ್ಮನ್ ಫ್ಯೋಟಿಂಗರ್ 1905ರಲ್ಲಿ ಟಾರ್ಕ್ ಕನ್ವರ್ಟರ್‌ಗೆ ಪೇಟೆಂಟ್ ಪಡೆದದ್ದು ಹಡಗಿನ ಟರ್ಬೈನ್‌ಗಾಗಿ. ಸ್ಟೇಟರ್‌ನ ಅಲಗುಗಳ ಕೋನ ಬದಲಿಸಿದರೆ ಸ್ಟಾಲ್ ಸ್ಪೀಡ್ ಬದಲಾಗುತ್ತದೆ. ಅದಕ್ಕೇ ಕನ್ವರ್ಟರ್ ಕಟ್ಟುವವರ ಕಪಾಟಿನಲ್ಲಿ ಒಂದೇ ಗಾತ್ರದ ಹಲವು ಸ್ಟೇಟರ್‌ಗಳಿರುತ್ತವೆ.

ಈಗ ಲೆಕ್ಕ. ಸ್ಟಾಲ್ ಸ್ಪೀಡ್ ಇಂಜಿನ್ ಟಾರ್ಕ್‌ನ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. 420 ಪೌಂಡ್-ಅಡಿ, ಅಂದರೆ ಸುಮಾರು 570 ನ್ಯೂಟನ್ ಮೀಟರ್ ಟಾರ್ಕ್‌ನಲ್ಲಿ 1800ಕ್ಕೆ ಸ್ಟಾಲ್ ಆಗುವ ಕನ್ವರ್ಟರ್ ಇದೆ ಎಂದಿಟ್ಟುಕೊಳ್ಳಿ. 800 ಪೌಂಡ್-ಅಡಿಯ ಇಂಜಿನ್ನಿಗೆ ಅದನ್ನೇ ಕಟ್ಟಿದರೆ ಸ್ಟಾಲ್ ಸುಮಾರು 2480. ‘ಇದು ತೀರಾ ಸಡಿಲ, ಬಿಗಿಯಾದದ್ದು ಬೇಕು’ ಎಂದು ಮಾಲೀಕರಿಗೆ ಅನಿಸುವುದು ಈ ಸಂಖ್ಯೆ ನೋಡಿಯೇ. ಆದರೆ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಚಕ್ರ) ಇರುವ ಡೀಸೆಲ್‌ಗೆ ಎರಡು ಟಾರ್ಕ್‌ಗಳಿವೆ, ಟರ್ಬೊ ಎಚ್ಚೆತ್ತ ಮೇಲಿನದು ಮತ್ತು ಅದಕ್ಕೂ ಮುಂಚಿನದು. ಸಿಗ್ನಲ್‌ನಲ್ಲಿ ನಿಂತ ಗಾಡಿಗೆ ಸಿಗುವುದು ಎರಡನೆಯದು. ಅದು 210 ಪೌಂಡ್-ಅಡಿ ಎಂದು ಹಿಡಿದರೆ ಮೊದಲಿನ ಕನ್ವರ್ಟರ್ ಸುಮಾರು 1270ರಲ್ಲಿ ತಡೆಯುತ್ತದೆ. 420ಕ್ಕೆ 1500 ಎಂದು ಕೊಂಡ ಬಿಗಿ ಕನ್ವರ್ಟರ್ ಆಗಿದ್ದರೆ 1060ರಲ್ಲೇ ತಡೆಯುತ್ತದೆ.

ಇಲ್ಲೇ ಗಾಡಿ ಸಿಕ್ಕಿಬೀಳುವುದು. 1060 ಆರ್‌ಪಿಎಂನಲ್ಲಿ ಹೊಗೆಯ ರಭಸ ಕಡಿಮೆ, ಟರ್ಬೊ ತಿರುಗದು. ಟರ್ಬೊ ತಿರುಗದೆ ಗಾಳಿ ಇಲ್ಲ, ಗಾಳಿ ಇಲ್ಲದೆ ಟಾರ್ಕ್ ಇಲ್ಲ, ಟಾರ್ಕ್ ಇಲ್ಲದೆ ಆರ್‌ಪಿಎಂ ಏರದು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬಂಥ ಸ್ಥಿತಿ. ಸುರಿದ ಡೀಸೆಲ್ ಕಪ್ಪು ಹೊಗೆಯಾಗಿ ಹೋಗುತ್ತದೆ. ಗಾಡಿ ಹೇಗೋ ಉರುಳಿ ಮೂವತ್ತು ಕಿಲೋಮೀಟರ್ ವೇಗ ದಾಟಿದ ಮೇಲೆ ಟರ್ಬೊ ಒಮ್ಮೆಗೇ ಎಚ್ಚೆತ್ತು ಸೀಟಿಗೆ ಒತ್ತುತ್ತದೆ. ದೊಡ್ಡ ಟರ್ಬೊ ಹಾಕಿಸಿದ್ದರೆ ಈ ಕಾಯುವಿಕೆ ಇನ್ನೂ ಉದ್ದ. ಎತ್ತರದ ಊರಿನಲ್ಲಿ ಗಾಳಿ ತೆಳು, ಟರ್ಬೊಗೆ ಮುಂಚಿನ ಟಾರ್ಕ್ ಇನ್ನಷ್ಟು ಕಡಿಮೆ. ಸಮುದ್ರಮಟ್ಟದ ಹ್ಯೂಸ್ಟನ್‌ನಲ್ಲಿ ಸರಿಯಿದ್ದ ಗಾಡಿ 1600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಮಂಕಾಗುವುದು ಇದಕ್ಕೇ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ‘ಟ್ರಿಪಲ್ ಡಿಸ್ಕ್ ಕನ್ವರ್ಟರ್ ಹಾಕಿಸಿದ್ದರಿಂದ ಬಿಗಿಯಾಯಿತು’ ಎನ್ನುತ್ತಾರೆ. ಆ ಮೂರು ಡಿಸ್ಕ್‌ಗಳು ಲಾಕಪ್ ಕ್ಲಚ್‌ನವು. ಗಾಡಿ ವೇಗ ಹಿಡಿದ ಮೇಲೆ ಪಂಪ್ ಮತ್ತು ಟರ್ಬೈನನ್ನು ಬೆಸೆದು ಜಾರುವಿಕೆಯನ್ನು ಇಲ್ಲವಾಗಿಸುವುದು ಅದರ ಕೆಲಸ. ಡಿಸ್ಕ್ ಒಂದಿರಲಿ ಮೂರಿರಲಿ, ನಿಂತಲ್ಲಿಂದ ಹೊರಡುವಾಗ ಅವಕ್ಕೆ ಕೆಲಸವಿಲ್ಲ. ಸ್ಟಾಲ್ ಸ್ಪೀಡ್ ನಿರ್ಧರಿಸುವುದು ಮುಖ್ಯವಾಗಿ ಸ್ಟೇಟರ್, ಜೊತೆಗೆ ಪಂಪ್‌ನ ಅಲಗುಗಳು ಮತ್ತು ಕನ್ವರ್ಟರಿನ ವ್ಯಾಸ. ಟ್ರಿಪಲ್ ಡಿಸ್ಕ್ ಕನ್ವರ್ಟರ್ ಸಡಿಲ ಸ್ಟಾಲ್‌ನಲ್ಲೂ ಸಿಗುತ್ತದೆ.

ಹಾಗೆಂದು ಪಿಕಪ್ ಇಲ್ಲದ ಪ್ರತಿ ಗಾಡಿಗೂ ಸ್ಟಾಲ್ ಸ್ಪೀಡೇ ಕಾರಣವೆಂದು ಗೇರ್‌ಬಾಕ್ಸ್ ಇಳಿಸಲು ಹೊರಡಬೇಡಿ. ಖರ್ಚಿಲ್ಲದ ತಪಾಸಣೆಗಳು ಮೊದಲು. ಆಯಿಲ್ ಮಟ್ಟ ನೋಡುವಾಗ ಆಯಿಲ್ ಬಿಸಿಯಿರಬೇಕು, ಇಂಜಿನ್ ಓಡುತ್ತಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಈ ಗೇರ್‌ಬಾಕ್ಸ್‌ಗಳಲ್ಲಿ ಪಾರ್ಕ್‌ನಲ್ಲಿಟ್ಟು ನೋಡಿದರೆ ಕನ್ವರ್ಟರ್‌ಗೆ ಆಯಿಲ್ ಹರಿಯದೆ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಆಮೇಲೆ ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ಗೇರ್‌ಬಾಕ್ಸ್‌ಗೆ ತಿಳಿಸುವ ಥ್ರಾಟಲ್ ವಾಲ್ವ್ ಕೇಬಲ್. ಗೇರ್‌ಬಾಕ್ಸ್ ಬದಲಿಸಿದ ಮೇಲೆ ಇದನ್ನು ಹೊಂದಿಸಲು ಮರೆಯುವುದು ಬಹಳ ಸಾಮಾನ್ಯ. ಇಂಜಿನ್ ಕಡೆಯ ಲಿವರ್ ಅಲುಗಿದ ಕ್ಷಣವೇ ಗೇರ್‌ಬಾಕ್ಸ್ ಕಡೆಯ ಲಿವರ್ ಅಲುಗಬೇಕು. ಕೇಬಲ್ ಸಡಿಲವಿದ್ದರೆ ಒತ್ತಡ ಕಡಿಮೆಯಾಗಿ, ಗೇರ್ ಬೇಗ ಮೇಲಕ್ಕೆ ಬಿದ್ದು, ಇಂಜಿನ್ ಎರಡನೆಯ ಗೇರ್‌ನಲ್ಲೇ ಏದುಸಿರು ಬಿಡುತ್ತದೆ. 47ಆರ್‌ಇಯಲ್ಲಿ ಗಾಡಿಯ ವೇಗಕ್ಕೆ ತಕ್ಕಂತೆ ಆಯಿಲ್ ಒತ್ತಡ ಹೊಂದಿಸುವ ಗವರ್ನರ್ ಪ್ರೆಶರ್ ಸೊಲೆನಾಯ್ಡ್ ಕೆಟ್ಟು, ನಿಂತಾಗಲೂ ಒತ್ತಡ ಉಳಿದರೆ ಗಾಡಿ ಮೊದಲನೆಯ ಗೇರ್ ಬಿಟ್ಟು ಮೇಲಿನ ಗೇರ್‌ನಲ್ಲೇ ಹೊರಡುತ್ತದೆ. ಅನುಭವ ಥೇಟ್ ಬಿಗಿ ಕನ್ವರ್ಟರಿನಂತೆಯೇ. ಬಿಡಿಸಿ ನೋಡುವುದು ಸುಲಭ: ಲಿವರನ್ನು ಕೈಯಿಂದ ‘1’ಕ್ಕೆ ಹಾಕಿ ಹೊರಡಿ. ಚುರುಕಾದರೆ ಕನ್ವರ್ಟರ್ ನಿರಪರಾಧಿ.

ಕೆಲಸದ ವೇಳೆ ಬ್ಯಾಟರಿ ಬಿಚ್ಚಿರುತ್ತಾರೆ. 1998ರ ನಂತರದ 24 ವಾಲ್ವ್ ಗಾಡಿಗಳಲ್ಲಿ ಪೆಡಲ್ ಸೆನ್ಸರ್‌ಗೆ ಮತ್ತೆ ಪಾಠ ಹೇಳಿಸಬೇಕು: ಇಂಜಿನ್ ಚಾಲು ಮಾಡದೆ ಕೀ ಆನ್ ಮಾಡಿ, ಪೆಡಲನ್ನು ನಿಧಾನವಾಗಿ ತಳದವರೆಗೆ ಒತ್ತಿ, ಅಷ್ಟೇ ನಿಧಾನವಾಗಿ ಬಿಟ್ಟು, ಕೀ ಆಫ್ ಮಾಡಿ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಬೂಟುಗಳ ಕ್ಲಾಂಪ್ ನೋಡಿ. ಅದೇ ಹೊತ್ತಿಗೆ ಟೈರ್ ಕೂಡ ಬದಲಿಸಿದ್ದಾರೆಯೇ ಎಂದು ಕೇಳಿ. 31 ಇಂಚಿನ ಜಾಗಕ್ಕೆ 35 ಇಂಚಿನ ಟೈರ್ ಬಂದರೆ 3.55 ಗೇರ್ ಅನುಪಾತದ ಹಿಂದಿನ ಆಕ್ಸಲ್ 3.14ರಂತೆ ವರ್ತಿಸುತ್ತದೆ, ಬೈಗುಳ ಮಾತ್ರ ಗೇರ್‌ಬಾಕ್ಸ್‌ಗೆ.

ಇವೆಲ್ಲ ಸರಿಯಿದ್ದರೆ ಸ್ಟಾಲ್ ಪರೀಕ್ಷೆ. ಚಕ್ರಗಳು ಉರುಳದಂತೆ ಗಟ್ಟಿ ಅಡ್ಡಗಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗಾಡಿಯ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಕನ್ವರ್ಟರಿನ ಎರಡು ಪಟ್ಟು, ಮೊದಲ ಗೇರಿನ 2.45, ಆಕ್ಸಲ್‌ನ 3.55 ಸೇರಿದರೆ ಚಕ್ರಗಳಿಗೆ ಇಂಜಿನ್ನಿನ ಸುಮಾರು 17 ಪಟ್ಟು ಟಾರ್ಕ್ ಬರುತ್ತದೆ. ಶಕ್ತಿ ಬಹಳ ಏರಿಸಿದ ಗಾಡಿಯನ್ನು ಬ್ರೇಕ್ ಹಿಡಿಯಲಾರದು, ಅಂಥದ್ದರಲ್ಲಿ ಈ ಪರೀಕ್ಷೆಯೇ ಬೇಡ. ಪೂರ್ತಿ ಆಕ್ಸಿಲರೇಟರ್ ಐದು ಸೆಕೆಂಡಿಗಿಂತ ಹೆಚ್ಚು ಸಲ್ಲದು, ಇಂಜಿನ್ನಿನ ಬಲವೆಲ್ಲ ಆಯಿಲಿನಲ್ಲಿ ಶಾಖವಾಗುತ್ತಿರುತ್ತದೆ. ಆಮೇಲೆ ನ್ಯೂಟ್ರಲ್‌ನಲ್ಲಿ ಒಂದೆರಡು ನಿಮಿಷ ತಣಿಯಲಿ.

ಟ್ಯಾಕೋಮೀಟರ್ ನೋಡುವಾಗ ಕೊನೆಯ ಸಂಖ್ಯೆಯನ್ನಷ್ಟೇ ಬರೆದುಕೊಳ್ಳಬೇಡಿ. ಟರ್ಬೊ ಇಂಜಿನ್ನಿನಲ್ಲಿ ಮುಳ್ಳು ಒಂದು ಕಡೆ ತಡೆದು, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಬಂದ ಮೇಲೆ ಮತ್ತೆ ಏರುತ್ತದೆ. ಮೊದಲ ತಡೆಯೇ ನಿಮ್ಮ ಸಿಗ್ನಲ್‌ನ ಕಥೆ. ಐದು ಸೆಕೆಂಡಾದರೂ ಮುಳ್ಳು 1100ರ ಸುತ್ತಲೇ ಇದ್ದರೆ ಎರಡು ಸಾಧ್ಯತೆ: ಕನ್ವರ್ಟರ್ ಬಿಗಿ ಅಥವಾ ಇಂಜಿನ್ ಬಡಕಲು. ಅದನ್ನು ಬೇರ್ಪಡಿಸುವುದು ಲಾಕಪ್. ಹೆದ್ದಾರಿಯಲ್ಲಿ ಓವರ್‌ಡ್ರೈವ್ (ನಾಲ್ಕನೆಯ ಗೇರ್) ಆಫ್ ಮಾಡಿ, ಮೂರನೆಯ ಗೇರ್‌ನಲ್ಲಿ ಗಂಟೆಗೆ 75 ಕಿಲೋಮೀಟರಿನ ಸುತ್ತ, ಸುಮಾರು 1800 ಆರ್‌ಪಿಎಂನಲ್ಲಿ, ಲಾಕಪ್ ಇರುವಾಗ ಆಕ್ಸಿಲರೇಟರ್ ಒತ್ತಿ. ಆಗ ಕನ್ವರ್ಟರ್ ಆಟದಲ್ಲೇ ಇಲ್ಲ. ಬೂಸ್ಟ್ ಮೊದಲಿನಷ್ಟೇ ಬಂದು ಗಾಡಿ ಎಳೆದರೆ ಇಂಜಿನ್ ಸರಿಯಿದೆ. ಅಲ್ಲೂ ಮಂಕೆಂದರೆ ಡೀಸೆಲ್ ಲಿಫ್ಟ್ ಪಂಪ್, ಫಿಲ್ಟರ್, ಬೂಸ್ಟ್ ಸೋರಿಕೆ ಹುಡುಕಿ.

ಸ್ಟಾಲ್ ನಿರೀಕ್ಷೆಗಿಂತ 250–350 ಆರ್‌ಪಿಎಂ ಕಡಿಮೆ, ಹೆದ್ದಾರಿಯಲ್ಲಿ ಎಲ್ಲವೂ ಸರಿ ಎಂದರೆ ಸ್ಟೇಟರನ್ನು ಒಂದೇ ದಿಕ್ಕಿಗೆ ತಿರುಗಲು ಬಿಡುವ ಒಮ್ಮುಖ ಕ್ಲಚ್ ಹಿಡಿಯುತ್ತಿಲ್ಲ ಎಂಬ ಶಂಕೆಯೂ ಇದೆ. ಹೊಸ ಕನ್ವರ್ಟರಿನಲ್ಲಿ ಇದು ಅಪರೂಪ, ಆದರೆ ಆಗುತ್ತದೆ. ಅದೇ ಕ್ಲಚ್ ಬಿಗಿದುಕೊಂಡಿದ್ದರೆ ಲಕ್ಷಣ ತಿರುಗಾಮುರುಗಾ: ಹೊರಡುವುದು ಚೆನ್ನ, ವೇಗ ಏರಿದಂತೆ ಗಾಡಿ ಭಾರವಾಗುತ್ತದೆ, ಆಯಿಲ್ ಕಾಯುತ್ತದೆ. ಇನ್ನು ಸ್ಟಾಲ್ ವಿಪರೀತ ಹೆಚ್ಚಿದ್ದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್ ಜಾರುತ್ತಿದೆ, ಅಥವಾ ಆಯಿಲ್ ಒತ್ತಡ ಕಡಿಮೆ.

ಬಿಗಿ ಕನ್ವರ್ಟರೇ ಕಾರಣವೆಂದು ಖಚಿತವಾದರೂ ತಕ್ಷಣ ಅದನ್ನು ಇಳಿಸಬೇಕಿಲ್ಲ. ಅದಕ್ಕೂ ಹಳೆಯ 12 ವಾಲ್ವ್ ಗಾಡಿಯ ಪಿ7100 ಡೀಸೆಲ್ ಪಂಪ್‌ನಲ್ಲಿ ಬೂಸ್ಟ್ ಬರುವವರೆಗೆ ಡೀಸೆಲ್ ತಡೆಯುವ ಎಎಫ್‌ಸಿ ಎಂಬ ಭಾಗವಿದೆ. ಅದನ್ನು ತುಸು ಮುಂದಕ್ಕೆ ಸರಿಸಿದರೆ ಟರ್ಬೊಗೆ ಮುಂಚಿನ ಟಾರ್ಕ್ ಏರುತ್ತದೆ, ಒಂದಿಷ್ಟು ಕಪ್ಪು ಹೊಗೆಯ ಬೆಲೆಗೆ. ಹೊಸ ಗಾಡಿಗಳಲ್ಲಿ ಇದೇ ಕೆಲಸವನ್ನು ಟ್ಯೂನಿಂಗ್‌ನಲ್ಲಿ ಮಾಡುತ್ತಾರೆ. ಟರ್ಬೊ ದೊಡ್ಡದಿದ್ದರೆ ಅದರ ಟರ್ಬೈನ್‌ಗೆ ಚಿಕ್ಕ ಹೊರಕವಚ (ಹೌಸಿಂಗ್) ಹಾಕುವುದು ಗೇರ್‌ಬಾಕ್ಸ್ ಇಳಿಸುವುದಕ್ಕಿಂತ ಸುಲಭ. ಇದಕ್ಕೂ ಬಗ್ಗದಿದ್ದರೆ ಕನ್ವರ್ಟರನ್ನು ಕಟ್ಟಿದವರಿಗೇ ಕಳಿಸಬೇಕು. ಅವರು ಬೆಸುಗೆ ಕತ್ತರಿಸಿ, ಬೇರೆ ಸ್ಟೇಟರ್ ಕೂರಿಸಿ, ಮತ್ತೆ ಬೆಸೆದು, ಸಮತೋಲನ ನೋಡಿ ಕೊಡುತ್ತಾರೆ. ಕಳಿಸುವಾಗ ಅಶ್ವಶಕ್ತಿ ಒಂದನ್ನೇ ಬರೆದರೆ ಮತ್ತೆ ಅದೇ ತಪ್ಪಾದೀತು. ಟರ್ಬೊ ಯಾವುದು, ಬೂಸ್ಟ್ ಯಾವ ಆರ್‌ಪಿಎಂನಲ್ಲಿ ಶುರುವಾಗುತ್ತದೆ, ಆಕ್ಸಲ್ ಅನುಪಾತ, ಟೈರ್ ಗಾತ್ರ, ಟ್ರೇಲರ್ ತೂಕ, ಊರಿನ ಎತ್ತರ, ಮತ್ತು ನಿಮ್ಮ ಪರೀಕ್ಷೆಯಲ್ಲಿ ಮುಳ್ಳು ಮೊದಲು ತಡೆದ ಸಂಖ್ಯೆ, ಇಷ್ಟನ್ನೂ ಬರೆಯಿರಿ.

ಮರಳಿ ಕೂರಿಸುವಾಗ ಕನ್ವರ್ಟರನ್ನು ತಿರುಗಿಸುತ್ತಾ ಒಳಕ್ಕೆ ತಳ್ಳಿ. ಎರಡು ಶಾಫ್ಟ್‌ಗಳ ಹಲ್ಲು, ಆಮೇಲೆ ಗೇರ್‌ಬಾಕ್ಸ್‌ನ ಆಯಿಲ್ ಪಂಪ್‌ನ ಕಚ್ಚು, ಹೀಗೆ ಒಂದೊಂದಾಗಿ ಕೂರಬೇಕು. ಗೇರ್‌ಬಾಕ್ಸ್ ಇಂಜಿನ್ನಿಗೆ ತಾಗಿದ ಮೇಲೂ ಕನ್ವರ್ಟರ್ ಮತ್ತು ಫ್ಲೆಕ್ಸ್‌ಪ್ಲೇಟ್ (ಕನ್ವರ್ಟರನ್ನು ಇಂಜಿನ್ನಿಗೆ ಕೂಡಿಸುವ ತಟ್ಟೆ) ನಡುವೆ 3ರಿಂದ 5 ಮಿಲಿಮೀಟರ್ ಸಂದು ಉಳಿಯಬೇಕು. ಸಂದಿಲ್ಲದೆಯೇ ಬೋಲ್ಟ್ ಬಿಗಿದು ಎಳೆದರೆ ಮೊದಲ ಸ್ಟಾರ್ಟ್‌ನಲ್ಲೇ ಆಯಿಲ್ ಪಂಪ್ ಒಡೆಯುತ್ತದೆ.