ಎರಡೆರಡು ಕೈಗವಸು ಹಾಕಿದರೂ ಬೆರಳು ಮರಗಟ್ಟುವುದೇಕೆ?

ಓದುಗರ ಪ್ರಶ್ನೆ: ಹೋದ ವರ್ಷ ಔಲಿಯಲ್ಲಿ ಸ್ಕೀ ಕಲಿಯಲು ಹೋಗಿದ್ದೆವು. ಬೈಕ್ ಓಡಿಸುವಾಗ ಹಾಕುವ ದಪ್ಪ ಗ್ಲೌಸ್, ಅದರೊಳಗೆ ಉಣ್ಣೆಯದೊಂದು, ಹೀಗೆ ಎರಡೆರಡು ಹಾಕಿದ್ದರೂ ಬೆರಳು ಮರಗಟ್ಟಿತು. ನಾಲ್ಕನೇ ದಿನಕ್ಕೆ ಅಂಗೈ ಹೊಲಿಗೆಯೂ ಬಿಚ್ಚಿಕೊಂಡಿತು. ಈ ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ನನ್ನದು ಸ್ಕೀ, ತಮ್ಮನದು ಸ್ನೋಬೋರ್ಡ್. ಬೆಚ್ಚಗೂ ಇರಬೇಕು, ನಾಲ್ಕಾರು ವರ್ಷ ಬಾಳಿಕೆಯೂ ಬರಬೇಕು. ಎಂಥದ್ದನ್ನು ಕೊಳ್ಳೋಣ?

ಉತ್ತರ: ನಿಮ್ಮ ಬೆರಳು ಮರಗಟ್ಟಿದ್ದು ಬಹುಶಃ ಎರಡು ಹಾಕಿದ್ದರಿಂದಲೇ. ಬೈಕ್ ಗ್ಲೌಸ್ ಕೈಗೆ ಅಂಟಿದಂತೆ ಕೂರಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿತ ಸಿಗದು. ಅದರೊಳಗೆ ಉಣ್ಣೆಯದನ್ನು ತುರುಕಿದಾಗ ಉಣ್ಣೆ ಅಪ್ಪಚ್ಚಿಯಾಗುತ್ತದೆ. ಚಳಿ ತಡೆಯುವುದು ಉಣ್ಣೆಯ ಎಳೆಗಳಿಗಿಂತ ಹೆಚ್ಚಾಗಿ ಆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಗಾಳಿಯನ್ನೇ ಹಿಂಡಿ ತೆಗೆದರೆ ಉಳಿಯುವುದು ದಪ್ಪ ಬಟ್ಟೆ ಅಷ್ಟೇ. ಜೊತೆಗೆ ಬಿಗಿಯಾದ ಗವಸು ಬೆರಳಿಗೆ ಹೋಗುವ ರಕ್ತವನ್ನೂ ಒತ್ತಿ ಹಿಡಿಯುತ್ತದೆ. ಬೆರಳು ತಾನಾಗಿ ಶಾಖ ಹುಟ್ಟಿಸುವುದು ತೀರಾ ಕಡಿಮೆ. ಅದಕ್ಕೆ ಬೇಕಾದ ಬಿಸಿ ಬರುವುದು ರಕ್ತದಿಂದ. ಆ ದಾರಿ ಕಟ್ಟಿಹೋದರೆ ಎಷ್ಟು ಬೆಲೆಯ ಗವಸಾದರೂ ಅಷ್ಟೆ.

ಎರಡನೆಯ ಕಾರಣ ನೀರು. ಹೊಸದಾಗಿ ಕಲಿಯುವವರು ದಿನಕ್ಕೆ ಹಲವು ಸಲ ಬೀಳುತ್ತಾರೆ, ಪ್ರತಿ ಸಲವೂ ಕೈಯೂರಿ ಏಳುತ್ತಾರೆ. ಗವಸಿಗೆ ಅಂಟಿದ ಹಿಮ ಮೈಬಿಸಿಗೆ ಕರಗಿ ಒಳಗಿನ ಉಣ್ಣೆಗಿಳಿಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಒದ್ದೆಯಾದ ದಪ್ಪ ಗವಸಿಗಿಂತ ಒಣಗಿದ ಸಾಧಾರಣ ಗವಸು ಬೆಚ್ಚಗಿರುವುದು ಇದೇ ಕಾರಣಕ್ಕೆ.

ಗುಲ್ಮಾರ್ಗ್‌ನಲ್ಲಿ ಎಷ್ಟು ಚಳಿ ಎಂಬುದು ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ನಿಂತಿದೆ. ಕಲಿಯುವವರ ಇಳಿಜಾರು ಇರುವುದು ಸುಮಾರು 2,650 ಮೀಟರ್ ಎತ್ತರದ ಬಟ್ಟಲಿನಂಥ ಬಯಲಲ್ಲಿ. ಗೊಂಡೋಲಾದ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರಿನ, ಮೊದಲ ಹಂತ ಕೊಂಗಡೂರಿಗೆ, ಅಂದರೆ 3,000 ಮೀಟರ್ ದಾಟಿ ಒಯ್ಯುತ್ತದೆ. ಎರಡನೆಯದು ಅಫರ್‌ವತ್ ಬೆಟ್ಟದ ಹೆಗಲಿಗೆ, 3,900 ಮೀಟರ್ ಮೇಲಕ್ಕೆ. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕೆಳಗೆ ಮೈನಸ್ 5 ಇದ್ದ ದಿನ ಮೇಲೆ ಮೈನಸ್ 13ರ ಆಸುಪಾಸು ಎಂದುಕೊಳ್ಳಿ. ಅದರ ಮೇಲೆ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿಗೈಗೆ ಮೈನಸ್ 23ರಂತೆ ತಾಗುತ್ತದೆ. ಕೆಳಗಿನ ಬಯಲಲ್ಲಿ ಬಿಸಿಲು ಬಿದ್ದ ಮಧ್ಯಾಹ್ನ ಸೊನ್ನೆಯ ಹತ್ತಿರ ಬಂದು ಹಿಮ ಒದ್ದೆಯೊದ್ದೆಯಾಗುವುದೂ ಉಂಟು. ಆದ್ದರಿಂದ ಮೊದಲ ವಾರದ ಕಲಿಕೆಗೆ ನೀರು ತಡೆಯುವ ಗುಣವೇ ಮುಖ್ಯ. ಅತಿ ದಪ್ಪದ ಗವಸಿನ ಅಗತ್ಯ ಅಫರ್‌ವತ್‌ಗೆ ಹೋಗುವವರಿಗೆ.

ಬೆರಳೋ, ಮಿಟನ್ನೋ?

ನಾಲ್ಕೂ ಬೆರಳು ಒಂದೇ ಕೋಣೆಯಲ್ಲಿರುವ ಮಿಟನ್ ಬೆಚ್ಚಗೆ, ಇದರಲ್ಲಿ ಎರಡು ಮಾತಿಲ್ಲ. ಬೆರಳುಗಳು ಒಂದಕ್ಕೊಂದು ಬಿಸಿ ಹಂಚಿಕೊಳ್ಳುತ್ತವೆ, ಹೊರಗಾಳಿಗೆ ತೆರೆದ ಮೇಲ್ಮೈಯೂ ಕಡಿಮೆ. ಐದು ಬೆರಳಿನ ಗವಸಿನಲ್ಲಿ ಪ್ರತಿ ಬೆರಳೂ ಒಂಟಿಯಾಗಿ ಚಳಿಯನ್ನು ಎದುರಿಸಬೇಕು. ಸ್ಕೀ ಕೋಲು ಹಿಡಿಯುವುದಕ್ಕೆ ಮಿಟನ್ ಧಾರಾಳ ಸಾಕು. ಕಷ್ಟವಾಗುವುದು ಬೂಟಿನ ಬಕಲ್, ಜಿಪ್ಪು, ಕನ್ನಡಕದ ಪಟ್ಟಿ ಇವುಗಳ ಹತ್ತಿರ.

ತಮ್ಮನಿಗೆ ಲೆಕ್ಕ ಬೇರೆ. ಸ್ನೋಬೋರ್ಡಿನವರು ಲಿಫ್ಟ್ ಹತ್ತಿ ಇಳಿದಾಗಲೆಲ್ಲ ಒಂದು ಕಾಲಿನ ಬೈಂಡಿಂಗ್ ಪಟ್ಟಿಯನ್ನು (ಬೂಟನ್ನು ಹಲಗೆಗೆ ಕಟ್ಟುವ ಪಟ್ಟಿ) ಬಿಚ್ಚಿ ಮತ್ತೆ ಬಿಗಿಯಬೇಕು. ಹಲ್ಲುಪಟ್ಟಿಯನ್ನು ಕೊಕ್ಕೆಯೊಳಗೆ ತೂರಿಸುವಾಗ ಬೆರಳಿನ ಚುರುಕು ಬೇಕು. ಹಾಗೆಂದು ತೆಳುವಾದದ್ದನ್ನು ಕೊಳ್ಳುವುದೂ ಸರಿಯಲ್ಲ, ಏಕೆಂದರೆ ಅವರ ಕೈ ಹಿಮದಲ್ಲಿ ಊರುವುದು ಸ್ಕೀಯವರಿಗಿಂತ ಹೆಚ್ಚು. ತೋರುಬೆರಳಿಗೆ ಮಾತ್ರ ಪ್ರತ್ಯೇಕ ಗೂಡು ಕೊಟ್ಟ ಮೂರು ಕವಲಿನ ಗವಸು ಅವನಿಗೆ ಹೇಳಿ ಮಾಡಿಸಿದ್ದು. ನೋಡಲು ಏಡಿಯ ಕೊಂಬಿನಂತಿದ್ದು ತುಸು ನಗು ಬರಿಸುತ್ತದೆ, ಬರಲಿ.

ಇನ್ನೊಂದು ವಿಷಯ. ಸ್ನೋಬೋರ್ಡ್ ಕಲಿಯುವವರಲ್ಲಿ ಬಹಳ ಸಾಮಾನ್ಯವಾದ ಪೆಟ್ಟು ಮಣಿಕಟ್ಟಿನದು. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುವಾಗ ಬೀಳುವವನು ಅಂಗೈ ಚಾಚಿಯೇ ಬೀಳುತ್ತಾನೆ. ಮಣಿಕಟ್ಟಿನ ರಕ್ಷಾಪಟ್ಟಿ ಹಾಕಿಕೊಳ್ಳುವುದಾದರೆ ಅದನ್ನು ಅಂಗಡಿಗೂ ಒಯ್ದು, ಹಾಕಿಕೊಂಡೇ ಗವಸಿನ ಅಳತೆ ನೋಡಲಿ. ಪಟ್ಟಿ ಒಳಗೇ ಹೊಲಿದಿರುವ ಗವಸುಗಳೂ ಇವೆ.

ಪದರಗಳನ್ನು ಬಿಡಿಸಿ ನೋಡಿದರೆ

ಒಳ್ಳೆಯ ಹಿಮದ ಗವಸಿಗೆ ನಾಲ್ಕು ಪದರ: ಹೊರಗಿನ ಚರ್ಮ ಅಥವಾ ನೈಲಾನ್, ಅದರ ಕೆಳಗೆ ನೀರು ತಡೆಯುವ ಪೊರೆ, ಆಮೇಲೆ ಶಾಖ ಹಿಡಿದಿಡುವ ತುಂಬು, ಕೊನೆಗೆ ಕೈಗೆ ತಾಗುವ ಅಸ್ತರಿ. ಪೊರೆ ಎಂದರೆ ಗೋರ್‌ಟೆಕ್ಸ್‌ನಂಥದು. ಹನಿಯನ್ನು ಒಳಗೆ ಬಿಡದೆ ಬೆವರಿನ ಆವಿಯನ್ನು ಹೊರಗೆ ಬಿಡುವ ಚೀಲ ಅದು. ಚೀಟಿಯ ಮೇಲೆ ‘ವಾಟರ್ ರೆಸಿಸ್ಟೆಂಟ್’ ಎಂದಷ್ಟೇ ಇದ್ದರೆ ಪೊರೆ ಇರುವ ಸಂಭವ ಕಡಿಮೆ. ‘ವಾಟರ್‌ಪ್ರೂಫ್’ ಎಂದಿರಬೇಕು, ಪೊರೆಯ ಹೆಸರೂ ಇರಬೇಕು. ಮೈನಸ್ ಇಷ್ಟು ಡಿಗ್ರಿ ತಡೆಯುತ್ತದೆ ಎಂದು ಬರೆದಿರುವುದನ್ನು ಒಂದೇ ಕಂಪನಿಯ ಎರಡು ಮಾದರಿ ಹೋಲಿಸಲು ಬಳಸಬಹುದು. ಬೇರೆ ಬೇರೆ ಕಂಪನಿಗಳ ಆ ಅಂಕಿಗಳನ್ನು ತಾಳೆ ನೋಡಿ ಪ್ರಯೋಜನವಿಲ್ಲ, ಅವರವರ ಅಳತೆಗೋಲು ಅವರವರದು.

ತುಂಬಿನಲ್ಲಿ ಬಾತುಕೋಳಿ ಪುಕ್ಕದ್ದು ತೂಕಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಬೆಚ್ಚಗೆ. ಆದರೆ ಒದ್ದೆಯಾದರೆ ಮುದ್ದೆಯಾಗುತ್ತದೆ, ಒಣಗಲು ಎರಡು ದಿನ ಕೇಳುತ್ತದೆ. ದಿನವೂ ಬಿದ್ದೇಳುವವರಿಗೆ ಪ್ರೈಮಾಲಾಫ್ಟ್, ಥಿನ್ಸುಲೇಟ್ ತರಹದ ಕೃತಕ ಎಳೆಯೇ ಸರಿ. ನೆನೆದರೂ ಒಂದಿಷ್ಟು ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಅಂಗೈ ಕಡೆಗಿಂತ ಬೆನ್ನು ಕಡೆ ತುಂಬು ಹೆಚ್ಚಿರುವುದು ಸಹಜ. ಅಂಗೈಯಲ್ಲೂ ಅಷ್ಟೇ ತುಂಬಿದರೆ ಕೋಲು ಜಾರುತ್ತದೆ.

ಒಳಗವಸು ಹೊರತೆಗೆಯಲು ಬರುವಂಥದ್ದಕ್ಕೆ ತುಸು ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ. ಸಂಜೆ ಎರಡನ್ನೂ ಬೇರ್ಪಡಿಸಿದರೆ ಬೆಳಗಿನೊಳಗೆ ಒಣಗುತ್ತವೆ. ಒಳಗವಸು ಸವೆದರೆ ಅದೊಂದನ್ನೇ ಬದಲಿಸಬಹುದು. ಹೊರಗಿನ ಚರ್ಮದ ಆಯುಷ್ಯ ಸಾಮಾನ್ಯವಾಗಿ ಒಳಗಿನ ಬಟ್ಟೆಗಿಂತ ದೀರ್ಘ.

ಎಲ್ಲಿ ಹರಿಯುತ್ತದೆ, ಯಾಕೆ?

ಸ್ಕೀಯವರ ಗವಸು ಮೊದಲು ಸೋಲುವುದು ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಕವಲಿನಲ್ಲಿ, ಕೋಲು ಅಲ್ಲೇ ಉಜ್ಜುತ್ತಿರುತ್ತದೆ. ಎರಡನೆಯ ಶತ್ರು ಸ್ಕೀಯ ಉಕ್ಕಿನ ಅಂಚು. ಸ್ಕೀಗಳನ್ನು ಹೆಗಲ ಮೇಲೆ ಹೊತ್ತು ನಡೆಯುವಾಗ, ಎರಡನ್ನು ಜೋಡಿಸುವಾಗ ಆ ಅಂಚು ನೈಲಾನನ್ನು ಕೊಯ್ಯುತ್ತದೆ. ಎಳೆಯುವ ಲಿಫ್ಟಿನ ಹಿಡಿಯೂ ಅಂಗೈಯನ್ನು ಸವೆಸುತ್ತದೆ. ಸ್ನೋಬೋರ್ಡಿನವರದು ಬೆರಳ ತುದಿಯಲ್ಲಿ ತೂತು ಬೀಳುತ್ತದೆ, ಬೈಂಡಿಂಗಿನ ಹಲ್ಲುಪಟ್ಟಿ ಮತ್ತು ಗಟ್ಟಿ ಹಿಮ ಎರಡೂ ಅಲ್ಲೇ ಕಚ್ಚುವುದು. ಕೊಳ್ಳುವಾಗ ಈ ಜಾಗಗಳನ್ನೇ ನೋಡಿ. ಕವಲಿನ ಮೇಲೆ ಇನ್ನೊಂದು ತುಂಡು ಚರ್ಮ ಹೊಲಿದಿದೆಯೇ? ಬೆರಳ ತುದಿಯ ಮೇಲೆ ಚರ್ಮ ಹಿಂದಕ್ಕೆ ಮಡಚಿ ಬಂದಿದೆಯೇ, ಅಥವಾ ಹೊಲಿಗೆ ಸರಿಯಾಗಿ ತುದಿಯಲ್ಲೇ ಇದೆಯೇ? ತುದಿಯಲ್ಲೇ ಹೊಲಿಗೆ ಇದ್ದರೆ ಅಲ್ಲಿಂದಲೇ ಬಿಚ್ಚುತ್ತದೆ.

ಅಂಗೈಗೆ ಮೇಕೆ ಚರ್ಮಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ತೆಳುವಾಗಿದ್ದೂ ಗಟ್ಟಿ, ಮೆತ್ತಗೆ ಬಾಗುತ್ತದೆ. ದನದ ಚರ್ಮ ಇನ್ನೂ ಗಟ್ಟಿ, ಆದರೆ ಪಳಗಲು ದಿನಗಳು ಬೇಕು. ಅಮೆರಿಕದ ಸ್ಕೀ ಊರುಗಳಲ್ಲಿ ಲಿಫ್ಟ್ ನಡೆಸುವ ಕೆಲಸಗಾರರ ಕೈಯಲ್ಲಿ ಹಂದಿ ಚರ್ಮದ ಅಗ್ಗದ ಕಿಂಕೋ ಗವಸು ಕಾಣುತ್ತದೆ. ಜೇನುಮೇಣ ತಿಕ್ಕಿ ತಿಕ್ಕಿ ಅವರು ಅದನ್ನು ವರ್ಷಗಟ್ಟಲೆ ಓಡಿಸುತ್ತಾರೆ. ಗವಸಿನ ಬಾಳಿಕೆಯಲ್ಲಿ ಆರೈಕೆಯ ಪಾಲು ಬೆಲೆಯಷ್ಟೇ ದೊಡ್ಡದು. ಚರ್ಮ ಬೇಡ ಎನ್ನುವವರು ಕೃತಕ ಅಂಗೈಯದ್ದನ್ನು ಕೊಳ್ಳಬಹುದು, ಆದರೆ ನುಣುಪಾಗಿ ಹೊಳೆಯುವ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಲೇಪನದ್ದನ್ನು ಬಿಟ್ಟು ದಪ್ಪ ನೇಯ್ಗೆಯದ್ದನ್ನು ಆರಿಸಲಿ. ಲೇಪನ ಹೇಗೆ ಕೈಕೊಡುತ್ತದೆ ಎಂಬುದು ಮುಂದೆ ಬರುತ್ತದೆ.

ಅಂಗಡಿಯಲ್ಲಿ ಐದು ನಿಮಿಷ

ಟೇಪು ಹಿಡಿದು, ಹೆಬ್ಬೆರಳು ಬಿಟ್ಟು, ಗಿಣ್ಣುಗಳ ಮೇಲೆ ಅಂಗೈ ಸುತ್ತಳತೆ ತೆಗೆಯಿರಿ. ಬಲಗೈಯವರು ಬಲಗೈಯದ್ದು, ಎಡಗೈಯವರು ಎಡಗೈಯದ್ದು. ಅದನ್ನು ಆ ಕಂಪನಿಯ ಪಟ್ಟಿಗೇ ಹೋಲಿಸಿ. ಒಬ್ಬರ ಎಂ ಇನ್ನೊಬ್ಬರ ಎಲ್ ಆಗಿರುತ್ತದೆ. ಹಾಕಿಕೊಂಡಾಗ ಬೆರಳ ತುದಿಯಾಚೆ ಸುಮಾರು ಅರ್ಧ ಸೆಂಟಿಮೀಟರ್ ಖಾಲಿ ಇರಲಿ. ಈಗ ಕೋಲು ಹಿಡಿದಂತೆ ಮುಷ್ಟಿ ಕಟ್ಟಿ. ಗಿಣ್ಣುಗಳ ಮೇಲೆ ಬಟ್ಟೆ ಎಳೆದು ಹಿಡಿದಂತಾದರೆ ಒಂದು ಅಳತೆ ದೊಡ್ಡದು ಬೇಕು, ಅಂಗೈಯಲ್ಲಿ ಮಡಿಕೆ ಮುದುರಿದರೆ ಚಿಕ್ಕದು. ಒಳಗೆ ತೆಳು ಗವಸು ಹಾಕುವ ಯೋಚನೆ ಇದ್ದರೆ ಈ ಪರೀಕ್ಷೆಯನ್ನು ಅದರೊಂದಿಗೇ ಮಾಡಿ.

ಆಮೇಲೆ ಕೈಯನ್ನು ರಪ್ಪನೆ ಹೊರಗೆಳೆಯಿರಿ. ಅಸ್ತರಿ ಬೆರಳಿನ ಜೊತೆ ಹೊರಬಂದರೆ ಆ ಗವಸನ್ನು ಅಲ್ಲೇ ಬಿಟ್ಟು ಬನ್ನಿ. ಬೆವರಿದ ಕೈಯಲ್ಲಿ ಅದು ಇನ್ನೂ ಸುಲಭವಾಗಿ ಮಗುಚುತ್ತದೆ, ಮತ್ತೆ ಐದು ಬೆರಳಿನ ಗೂಡುಗಳನ್ನು ಹಿಮದ ನಡುವೆ ಹುಡುಕುತ್ತ ಕೂರಬೇಕು. ಮಣಿಕಟ್ಟಿನ ದಾರವನ್ನು ಇನ್ನೊಂದು ಗವಸು ತೊಟ್ಟ ಕೈಯಿಂದಲೇ ಎಳೆದು ಸಡಿಲಿಸಲು ಬರುತ್ತದೆಯೇ ನೋಡಿ. ಗುಲ್ಮಾರ್ಗ್‌ನ ಪುಡಿಹಿಮಕ್ಕೆ ಜಾಕೆಟ್ ತೋಳಿನ ಮೇಲೆ ಬರುವ ಉದ್ದ ಕೈಯಂಚು ಒಳ್ಳೆಯದು. ಮಣಿಕಟ್ಟಿಗೆ ತೊಡಿಸುವ ಎಲಾಸ್ಟಿಕ್ ಬಳ್ಳಿ ಇರಲೇಬೇಕು. ಗೊಂಡೋಲಾ ಕಿಟಕಿಯಿಂದಲೋ ಲಿಫ್ಟಿನಿಂದಲೋ ಬಿದ್ದ ಒಂಟಿ ಗವಸು ಮರಳಿ ಸಿಗುವುದಿಲ್ಲ. ಅಂದಹಾಗೆ, ಬೆಂಗಳೂರಿನ ಅಂಗಡಿಯಲ್ಲಿ ನಿಂತು ‘ಆಹಾ, ಎಷ್ಟು ಬೆಚ್ಚಗಿದೆ’ ಅನ್ನಿಸುವುದರಿಂದ ಏನೂ ಸಾಬೀತಾಗುವುದಿಲ್ಲ.

ಗವಸು ಸರಿಯಿದ್ದೂ ಕೈ ತಣ್ಣಗಾದರೆ

ಮೈ ತಣ್ಣಗಾದಾಗ ದೇಹ ಮೊದಲು ಕೈಕಾಲಿನ ರಕ್ತನಾಳಗಳನ್ನು ಕಿರಿದಾಗಿಸಿ ಎದೆ ಹೊಟ್ಟೆಯ ಬಿಸಿ ಉಳಿಸಿಕೊಳ್ಳುತ್ತದೆ. ಹೀಗಾಗಿ ಕೈ ತಣ್ಣಗಾಗುತ್ತಿದ್ದರೆ ಕಿವಿ ಮುಚ್ಚುವ ಟೋಪಿ, ಎದೆಗೆ ಇನ್ನೊಂದು ಪದರ ಹಾಕಿ ನೋಡಿ. ಕೈಯನ್ನು ಭುಜದಿಂದ ಗಾಳಿಯಂತ್ರದಂತೆ ಇಪ್ಪತ್ತು ಮೂವತ್ತು ಸುತ್ತು ಬೀಸಿದರೆ ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಗಡಿಯಾರದ ಪಟ್ಟಿಯನ್ನೂ ಸಡಿಲಿಸಿ. ಕಬ್ಬಿಣದ ಪುಡಿಯ ಬಿಸಿ ಪೊಟ್ಟಣ ಕೆಲಸ ಮಾಡುವುದು ಆಮ್ಲಜನಕದಿಂದ. ಗವಸಿನೊಳಗೆ ಹಾಕುವ ಕಾಲು ಗಂಟೆ ಮುಂಚೆಯೇ ಒಡೆದು ಗಾಳಿಗೆ ಬಿಡಿ, ಕೈಯ ಬೆನ್ನ ಕಡೆ ಇಡಿ. ಬ್ಯಾಟರಿ ಗವಸು ಕೊಂಡರೆ ಬಿಡಿ ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಕಲಿಯುವವರಿಗೆ ಅದು ಅನಗತ್ಯ ಖರ್ಚು.

ಬೆರಳ ತುದಿ ಬಿಳಿಚಿ, ನೋವು ನಿಂತು ಮುಟ್ಟಿದ್ದು ತಿಳಿಯದಂತಾದರೆ ತಕ್ಷಣ ಒಳಗೆ ಬಂದು ಕಂಕುಳಲ್ಲಿ ಇಟ್ಟುಕೊಳ್ಳಿ. ಉಜ್ಜಬೇಡಿ, ಹಿಮ ತಿಕ್ಕಬೇಡಿ, ಬೆಂಕಿಗೆ ಒಡ್ಡಬೇಡಿ. ಅರಿವಿಲ್ಲದ ಬೆರಳಿಗೆ ಸುಡುತ್ತಿರುವುದೂ ಗೊತ್ತಾಗದು. ಬಣ್ಣ, ಸ್ಪರ್ಶ ಮರಳದಿದ್ದರೆ ಡಾಕ್ಟರ ಬಳಿ ಹೋಗಿ.

ಸಂಜೆಯ ಕೆಲಸ

ಕಾಶ್ಮೀರದ ಹೋಟೆಲುಗಳಲ್ಲಿ ಕೋಣೆ ಬಿಸಿ ಮಾಡುವ ಬುಖಾರಿ ಕಂಡೊಡನೆ ಗವಸನ್ನು ಅದರ ಮೇಲೆ ಹರಡುವ ಆಸೆಯಾಗುತ್ತದೆ. ಬೇಡ. ಅತಿ ಬಿಸಿಗೆ ಚರ್ಮ ಹಪ್ಪಳದಂತೆ ಬಿರುಸಾಗುತ್ತದೆ, ಪೊರೆಯ ಅಂಟು ಬಿಡುತ್ತದೆ. ಮಾರನೇ ದಿನ ಹೊಲಿಗೆ ಬಿಚ್ಚಿಕೊಳ್ಳುವುದು ಹೀಗೇ. ಹಿಮ ಕೊಡವಿ, ಒಳಗವಸು ತೆಗೆದು, ಹೊರಗವಸಿನೊಳಗೆ ಹಳೆ ಪತ್ರಿಕೆ ತುರುಕಿ, ಗಂಟೆ ಬಿಟ್ಟು ಹೊಸ ಕಾಗದ ಬದಲಿಸಿ. ಆಮೇಲೆ ಬುಖಾರಿಯಿಂದ ಒಂದೂವರೆ ಮೀಟರ್ ದೂರದಲ್ಲಿ, ಬಾಯಿ ಕೆಳಗಾಗಿ ತೂಗುಹಾಕಿ. ಕೈಯಲ್ಲಿ ಹಿಡಿದರೆ ಹಿತವೆನಿಸುವಷ್ಟು ಬಿಸಿ ಮಾತ್ರ ತಾಗಲಿ. ಎರಡನೆಯ ಜೊತೆ ತೆಳು ಒಳಗವಸು ಚೀಲದಲ್ಲಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಬದಲಿಸಲು ಬರುತ್ತದೆ.

ನಯವಾದ ಚರ್ಮವಿದ್ದರೆ ಹೊರಡುವ ವಾರ ಮೊದಲೇ ಜೇನುಮೇಣದ ಲೇಪ ಕೊಡಿ: ಹೇರ್ ಡ್ರೈಯರಿನ ಕಡಿಮೆ ಬಿಸಿಯಲ್ಲಿ ಚರ್ಮ ಬೆಚ್ಚಗಾಗಿಸಿ, ಬಟ್ಟೆಯಿಂದ ತೆಳ್ಳಗೆ ತಿಕ್ಕಿ, ರಾತ್ರಿ ಬಿಟ್ಟು ಇನ್ನೊಂದು ಸುತ್ತು. ಹೊಲಿಗೆ ಸಾಲಿಗೆ ಕೊಂಚ ಧಾರಾಳವಾಗಿ. ಸ್ವೀಡ್ ಚರ್ಮಕ್ಕೆ ಮೇಣ ಹಚ್ಚಿದರೆ ಅದರ ನವಿರು ಎಳೆ ಒರಗಿ ಕಪ್ಪಾಗುತ್ತದೆ, ಅದಕ್ಕೆ ನೀರು ತಡೆಯುವ ಸ್ಪ್ರೇ ಬಳಸಿ.

ಊರಿಗೆ ಬಂದ ಮೇಲೆ ಗವಸಿಗೆ ನಿಜವಾದ ಪರೀಕ್ಷೆ ಮಳೆಗಾಲದ್ದು. ಮಂಗಳೂರು, ಶಿವಮೊಗ್ಗ ಕಡೆಯ ತೇವದಲ್ಲಿ ಮುಚ್ಚಿದ ಬೀರುವಿನಲ್ಲಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಪಿಯು ಲೇಪನ ತೇವಕ್ಕೆ ಒಳಗೊಳಗೇ ಕಳಚಿ, ಮುಂದಿನ ಚಳಿಗಾಲಕ್ಕೆ ತೆಗೆದಾಗ ಪದರಪದರವಾಗಿ ಉದುರುತ್ತದೆ. ಚೆನ್ನಾಗಿ ಒಣಗಿಸಿ, ಮಡಚದೆ, ಗಾಳಿ ಬಿಗಿಯಾದ ಡಬ್ಬದಲ್ಲಿ ನಾಲ್ಕಾರು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಆಗಸ್ಟ್‌ನಲ್ಲಿ ಬಿಸಿಲು ಕಂಡ ಒಂದು ದಿನ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಹರವಿ, ಪೊಟ್ಟಣ ಬದಲಿಸಿ ಮತ್ತೆ ಮುಚ್ಚಿಡಿ.