ಕೆಲಸ ಕಲಿಸೋದು ಯಾರ ಕೆಲಸ? ತುಮಕೂರಿನ ವಾಚಿನಿಂದ ನರಸಾಪುರದ ಮೊಬೈಲ್‌ವರೆಗೆ

1961ರಲ್ಲಿ ಎರಡು ವಿಷಯ ನಡೆದವು. ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ತಯಾರಿಕೆ ಶುರು ಮಾಡಿತು. ಅದೇ ವರ್ಷ ಸಂಸತ್ತು ಅಪ್ರೆಂಟಿಸ್ ಕಾಯ್ದೆ ತಂದಿತು. ಕಾರ್ಖಾನೆ ನಡೆಸೋರು ಹೊಸಬರಿಗೆ ಕೆಲಸವನ್ನೂ ಕಲಿಸಬೇಕು ಅನ್ನೋದು ಆಗ ಕಾನೂನಾಯಿತು.

1978ರಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆ ತುಮಕೂರಿಗೂ ಬಂತು. ಸುತ್ತಲಿನ ಊರುಗಳ ಮಕ್ಕಳಿಗೆ ಅದು ಬರೀ ಸಂಬಳ ಕೊಟ್ಟ ಜಾಗವಲ್ಲ. ಕೀಲಿ ಕೊಡುವ ವಾಚಿನೊಳಗೆ ಕೂದಲಿನಷ್ಟು ತೆಳ್ಳಗಿನ ಸುರುಳಿ ಇರುತ್ತದೆ, ಹೇರ್‌ಸ್ಪ್ರಿಂಗ್. ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರು ತಾಗಿದರೆ ತುಕ್ಕು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಹಿಡಿದು ಕೂರಿಸಬೇಕು. ಸ್ವಲ್ಪ ಬಾಗಿದರೂ ವಾಚ್ ಮುಂದೆ ಓಡುತ್ತದೆ, ಇಲ್ಲವೇ ಹಿಂದೆ ಬೀಳುತ್ತದೆ. ಇದನ್ನು ಪುಸ್ತಕ ಓದಿ ಕಲಿಯೋಕಾಗಲ್ಲ. ಪಕ್ಕದಲ್ಲಿ ಬಲ್ಲವರೊಬ್ಬರು ಕೂತಿರಬೇಕು. ಹೊಸಬರು ಹಾಳು ಮಾಡುವ ಸ್ಪ್ರಿಂಗುಗಳ ಖರ್ಚನ್ನು ಕಂಪನಿಯೂ ತಡೆದುಕೊಳ್ಳಬೇಕು.

ಕೆಲಸ ಪರ್ಮನೆಂಟ್ ಆಗಿದ್ದಾಗ ಈ ಖರ್ಚಿಗೆ ಅರ್ಥ ಇರುತ್ತದೆ. ಇಂದು ಕಲಿತವರು ನಾಳೆಯೂ ಅಲ್ಲೇ ಇರುತ್ತಾರೆ, ಮುಂದಿನವರಿಗೆ ಕಲಿಸುತ್ತಾರೆ. ಎಚ್‌ಎಂಟಿ ನಷ್ಟಕ್ಕೆ ಬೇರೆ ಕಾರಣಗಳಿದ್ದವು. ಆದರೆ 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಒಪ್ಪಿದಾಗ ಯಂತ್ರಗಳ ಜೊತೆ ಈ ಕಲಿಸುವ ಸರಪಳಿಯೂ ಹೋಯಿತು. ನನಗೆ ಜಾಸ್ತಿ ನೋವು ಕೊಡೋದು ಅದೇ.

ಇನ್ನು ಕಾಯ್ದೆಯಲ್ಲೇ ಒಂದು ಸಡಿಲ ಗಂಟು ಇತ್ತು. 18ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ಅಂದರೆ ಕಲಿಯುವವರು, ಕಾರ್ಮಿಕರಲ್ಲ. ಕಲಿತ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇರಲಿಲ್ಲ. 2014ರ ತಿದ್ದುಪಡಿ, ಅಪ್ರೆಂಟಿಸ್‌ಗಳನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಕಂಪನಿ ತನ್ನದೇ ನೀತಿ ಮಾಡಿಕೊಳ್ಳಲಿ ಅಂದಿತು. 2019ರ ನಿಯಮದ ಪ್ರಕಾರ 30 ಅಥವಾ ಹೆಚ್ಚು ಮಂದಿ ಇರುವ ಕಡೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳಿರಬೇಕು. ಲೆಕ್ಕದಲ್ಲಿ ಕಾಂಟ್ರಾಕ್ಟ್ ಕೆಲಸಗಾರರೂ ಸೇರುತ್ತಾರೆ. ಎಷ್ಟು ಜನ ಅನ್ನೋದು ಬಿಗಿಯಾಯಿತು. ಆಮೇಲೆ ಅವರ ಗತಿ ಏನು ಅನ್ನೋದು ಕಂಪನಿಗೆ ಬಿಟ್ಟ ವಿಷಯವಾಗಿಯೇ ಉಳಿಯಿತು.

ಅಷ್ಟರಲ್ಲಿ ಕೋಲಾರದ ನರಸಾಪುರ ಬೆಳೆದಿತ್ತು. 2013ರಲ್ಲಿ ಹೋಂಡಾ ಸ್ಕೂಟರ್, 2020ರಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿಯ ಐಫೋನ್. ಮೊಬೈಲ್ ಜೋಡಿಸುವ ಲೈನಿನಲ್ಲಿ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಒಬ್ಬರಿಗೆ ಒಂದು ಸ್ಟೇಷನ್. ಸ್ಕ್ರೂ ಬಿಗಿಯೋದಾದರೆ ಶಿಫ್ಟ್ ಪೂರ್ತಿ ಅದೇ. ಇಂಥ ಕೆಲಸ ಕಲಿಯೋಕೆ ಹೆಚ್ಚು ದಿನ ಬೇಡ. ಹಾಗಾಗಿ ಜನರನ್ನು ಬದಲಾಯಿಸೋದೂ ಸುಲಭ. ಕಲಿಸುವ ಖರ್ಚು ಇಳಿದಷ್ಟೂ ಉಳಿಸಿಕೊಳ್ಳುವ ಆಸೆಯೂ ಇಳಿಯುತ್ತದೆ.

2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆಯಾಗಿ ಗಾಜು ಒಡೆದಿದ್ದು ಎಲ್ಲರಿಗೂ ನೆನಪಿದೆ. ಕೆಲಸಗಾರರ ಸಂಖ್ಯೆ ಸ್ವಲ್ಪ ಸಮಯದಲ್ಲೇ 5,000ದಿಂದ 10,500ಕ್ಕೆ ಏರಿತ್ತು, ಅದಕ್ಕೆ ತಕ್ಕಂತೆ ಎಚ್‌ಆರ್ ವಿಭಾಗ ಸಜ್ಜಾಗಿರಲಿಲ್ಲ ಅಂತ ಕಾರ್ಖಾನೆಗಳ ಇಲಾಖೆಯೇ ವರದಿ ಕೊಟ್ಟಿತು. ಒಡೆದ ಗಾಜಿನ ಬಗ್ಗೆ ಎಷ್ಟೋ ಚರ್ಚೆಯಾಯಿತು. ಈ ಮಾತಿನ ಬಗ್ಗೆ ಆಗಲಿಲ್ಲ. ಕೆಲಸಗಾರರನ್ನು ಬೆಳೆಸೋದಿರಲಿ, ಅವರ ದೂರು ಕೇಳಿಸಿಕೊಳ್ಳೋಕೂ ತಯಾರಿ ಬೇಕಲ್ವಾ? ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಬಂತು.

ಲೈನಿನ ಕೆಲಸ ಅಂದರೆ ಬೆಳೆಯೋಕೆ ದಾರಿ ಇಲ್ಲ ಅಂತೇನಲ್ಲ. ಸ್ಕ್ರೂ ಬಿಗಿಯುವ ಹುಡುಗಿಗೆ ಕ್ವಾಲಿಟಿ ಪರೀಕ್ಷೆ ಕಲಿಸಬಹುದು, ಅಲ್ಲಿಂದ ಯಂತ್ರದ ಮೆಂಟೆನೆನ್ಸ್, ಆಮೇಲೆ ಲೈನ್ ಲೀಡರ್. ಇದಕ್ಕೆ ದೊಡ್ಡ ಟ್ರೇನಿಂಗ್ ಸೆಂಟರ್ ಬೇಡ. ವಾರಕ್ಕೆ ಕೆಲವು ಗಂಟೆ ಅವಳನ್ನು ಲೈನಿನಿಂದ ಬಿಡಬೇಕು, ಕಲಿಸುವವರ ಟಾರ್ಗೆಟ್ ಅಷ್ಟು ಹೊತ್ತು ಇಳಿಸಬೇಕು. ಸುಮ್ನೆ ಗೋಡೆಗೆ ಪೋಸ್ಟರ್ ಅಂಟಿಸಿದರೆ ಯಾರೂ ಕಲಿಯೋದಿಲ್ಲ. ಗುಬ್ಬಿ ಹತ್ತಿರ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿದೆ. ಅಲ್ಲಿನ ಕೆಲಸವಂತೂ ನಾಲ್ಕು ದಿನದಲ್ಲಿ ಕೈಗೆ ಹತ್ತುವಂಥದ್ದಲ್ಲ.

ಈಗ ಟ್ರೇನಿ ಅಂತ ಸೇರುವವರು ಸಹಿ ಹಾಕುವ ಮೊದಲು ಒಂದು ಕೇಳಿಕೊಳ್ಳಿ: ಇದು ಕಾಯ್ದೆಯಡಿ ನೋಂದಾಯಿಸಿದ ಅಪ್ರೆಂಟಿಸ್‌ಶಿಪ್ಪಾ, ಇಲ್ಲ ಹೆಸರಿಗೆ ಮಾತ್ರ ಟ್ರೇನಿಂಗಾ? ನೋಂದಾಯಿಸಿದ್ದರೆ ಸ್ಟೈಪೆಂಡ್‌ಗೆ ಕಾನೂನಿನ ಕನಿಷ್ಠ ಮಿತಿ ಇರುತ್ತದೆ, ಕೊನೆಯಲ್ಲಿ ಪರೀಕ್ಷೆ ಬರೆದು ಪಾಸಾದರೆ ಸರ್ಟಿಫಿಕೇಟ್ ಸಿಗುತ್ತದೆ. ಆ ಕಾಗದ ಬೇರೆ ಕಾರ್ಖಾನೆಯ ಗೇಟಿನಲ್ಲೂ ನಡೆಯುತ್ತದೆ.