ಕೊರತೆ ಯಾರದು, ಬರೆ ಯಾರಿಗೆ?

2009ರ ಜನವರಿ 7ರಂದು ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ ಆ ಹಣಕಾಸು ವರ್ಷದ ಕೊರತೆಯನ್ನು, ಅಂದರೆ ಸರ್ಕಾರದ ಆದಾಯ ಮೀರಿದ ಖರ್ಚನ್ನು, ಅಂದಾಜು ಮಾಡಿ ಪ್ರಕಟಿಸಿತು: ಸುಮಾರು 1.2 ಲಕ್ಷ ಕೋಟಿ ಡಾಲರ್. ಬರಾಕ್ ಒಬಾಮಾ ಅಧಿಕಾರ ವಹಿಸಿಕೊಳ್ಳಲು ಆಗಿನ್ನೂ ಎರಡು ವಾರ ಬಾಕಿಯಿತ್ತು. ವರ್ಷ ಮುಗಿದಾಗ ಕೊರತೆ 1.4 ಲಕ್ಷ ಕೋಟಿ ದಾಟಿತ್ತು, ಅಂದರೆ ಹಿಂದಿನ ವರ್ಷದ ಮೂರು ಪಟ್ಟು. ರಿಪಬ್ಲಿಕನ್ನರು ಇದು ಒಬಾಮಾ ದುಂದಿನ ಫಲ ಎಂದರು. ಒಬಾಮಾ ಪಕ್ಷದವರಾದ ಡೆಮಾಕ್ರಟರು ಹಿಂದಿನ ಅಧ್ಯಕ್ಷ, ರಿಪಬ್ಲಿಕನ್ ಬುಷ್ ಬಿಟ್ಟುಹೋದ ಹೊರೆ ಎಂದರು.

ತಾರೀಖು ನೋಡಿದರೆ ಡೆಮಾಕ್ರಟರ ಮಾತಿಗೆ ಬಲವಿದೆ. ಅಲ್ಲಿನ ಹಣಕಾಸು ವರ್ಷ ಹಿಂದಿನ ಅಕ್ಟೋಬರ್ 1ಕ್ಕೇ ಶುರು. ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್‌ವರೆಗೆ ಬಳಸಲು ಅವಕಾಶ ಕೊಟ್ಟ ಕಾಯ್ದೆಗೆ 2008ರ ಅಕ್ಟೋಬರ್ 3ರಂದು ಸಹಿ ಹಾಕಿದವರು ಬುಷ್. ಒಬಾಮಾ ಅವರ 78,700 ಕೋಟಿ ಡಾಲರ್ ಉತ್ತೇಜನ ಪ್ಯಾಕೇಜಿಗೆ ಸಹಿ ಬಿದ್ದದ್ದು 2009ರ ಫೆಬ್ರುವರಿ 17ರಂದು, ಅದರ ಹೆಚ್ಚಿನ ಪಾಲು ಮುಂದಿನ ವರ್ಷಗಳಿಗೆ ಹಂಚಿಹೋಗಿತ್ತು. ಹಾಗೆಂದು ಕೊರತೆಯನ್ನೆಲ್ಲ ಬುಷ್ ಹೆಸರಿಗೆ ಬರೆದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಅದರ ದೊಡ್ಡ ಭಾಗಕ್ಕೆ ಯಾವ ಅಧ್ಯಕ್ಷರ ಸಹಿಯೂ ಬೇಕಿರಲಿಲ್ಲ.

ಆಗ ಬಂದಿದ್ದಂಥ ಆರ್ಥಿಕ ಹಿಂಜರಿತ ಬಂದಾಗ ಸಂಬಳ, ಲಾಭ, ಷೇರು ಗಳಿಕೆ ಎಲ್ಲವೂ ಕುಸಿಯುತ್ತವೆ. ಅವುಗಳ ಮೇಲಿನ ತೆರಿಗೆಯೂ ಕುಸಿಯುತ್ತದೆ. ಅಮೆರಿಕದ ಒಕ್ಕೂಟ ಸರ್ಕಾರದ ಆದಾಯ ಒಂದೇ ವರ್ಷದಲ್ಲಿ 2.5 ಲಕ್ಷ ಕೋಟಿಯಿಂದ 2.1 ಲಕ್ಷ ಕೋಟಿ ಡಾಲರಿಗೆ ಇಳಿಯಿತು. ಅದೇ ಹೊತ್ತಿಗೆ ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯೆಗೆ, ಆಹಾರ ನೆರವಿಗೆ ಅರ್ಹರಾದರು. ಹೊಸ ಕಾಯ್ದೆ ಇಲ್ಲದೆಯೂ ಆದಾಯ ಇಳಿದು ಖರ್ಚು ಏರುವ ಈ ವ್ಯವಸ್ಥೆಯನ್ನು ಅರ್ಥಶಾಸ್ತ್ರಜ್ಞರು ಸ್ವಯಂಚಾಲಿತ ಸ್ಥಿರಕಾರಿ ಎನ್ನುತ್ತಾರೆ. ಜನರ ಕೈಯಲ್ಲಿ ಅಷ್ಟಿಷ್ಟು ಹಣ ಉಳಿದು ಅಂಗಡಿಗಳು ಬಾಗಿಲು ಮುಚ್ಚದಿರಲಿ ಎಂದೇ ಅದು ಇರುವುದು. ಅದು ತನ್ನ ಕೆಲಸ ಮಾಡಿದ್ದಕ್ಕೆ ಕುರ್ಚಿಯಲ್ಲಿ ಕೂತವರನ್ನು ದೂರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಉತ್ತೇಜನದ ಹಣ ಕೆಲಸ ಮಾಡಿತೇ ಎನ್ನುವುದು ಇದಕ್ಕಿಂತ ಕಠಿಣ ಪ್ರಶ್ನೆ. ಪ್ಯಾಕೇಜ್ ಜಾರಿಯಾದರೆ ನಿರುದ್ಯೋಗ ಶೇ. 8ರ ಆಸುಪಾಸಿನಲ್ಲೇ ನಿಲ್ಲುತ್ತದೆ ಎಂದು ಒಬಾಮಾ ಅವರ ಸಲಹೆಗಾರರು ಅಂದಾಜಿಸಿದ್ದರು. 2009ರ ಅಕ್ಟೋಬರಿನಲ್ಲಿ ಅದು ಶೇ. 10 ಮುಟ್ಟಿತು. ವಿರೋಧಿಗಳಿಗೆ ಅಷ್ಟೇ ಸಾಕಾಯಿತು. ಆದರೆ ಸಲಹೆಗಾರರು ಲೆಕ್ಕ ಹಾಕುವಾಗ ಆರ್ಥಿಕತೆ ಎಷ್ಟು ಆಳಕ್ಕೆ ಬಿದ್ದಿದೆ ಎಂಬುದೇ ಗೊತ್ತಿರಲಿಲ್ಲ. 2008ರ ಕೊನೆಯ ತ್ರೈಮಾಸಿಕದಲ್ಲಿ ಜಿಡಿಪಿ ವಾರ್ಷಿಕ ಶೇ. 3.8ರ ದರದಲ್ಲಿ ಕುಗ್ಗಿದೆ ಎಂದು ಮೊದಲು ಹೇಳಲಾಗಿತ್ತು. ಪೂರ್ಣ ಮಾಹಿತಿ ಬಂದ ಮೇಲೆ ಆ ದರ ಶೇ. 8ನ್ನೂ ಮೀರಿತು.

ಪ್ಯಾಕೇಜ್ ಇಲ್ಲದಿದ್ದರೆ ಏನಾಗುತ್ತಿತ್ತು? ಅಂಥದೊಂದು ಅಮೆರಿಕ ಎಲ್ಲೂ ಇಲ್ಲ. ಅದಕ್ಕೇ ಸಂಶೋಧಕರು ರಾಜ್ಯ ರಾಜ್ಯಗಳನ್ನು ಹೋಲಿಸಿದರು. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ಗೆ ಹಿಂಜರಿತಕ್ಕೂ ಮೊದಲೇ ಹೆಚ್ಚು ಖರ್ಚು ಮಾಡುತ್ತಿದ್ದ ರಾಜ್ಯಗಳಿಗೆ ಪ್ಯಾಕೇಜಿನಿಂದ ಹೆಚ್ಚು ನೆರವು ಸಿಕ್ಕಿತ್ತು. ಈ ಹೆಚ್ಚಳಕ್ಕೆ ಕಾರಣ ಹಳೆಯ ಖರ್ಚೇ ಹೊರತು ಹಿಂಜರಿತದ ಪೆಟ್ಟಲ್ಲ. ಆದ್ದರಿಂದ ಹೋಲಿಕೆ ನಂಬುವಂತಿದೆ. ಗೇಬ್ರಿಯಲ್ ಚೊಡೊರೊ-ರೈಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪ್ರತಿ 1 ಲಕ್ಷ ಡಾಲರ್ ನೆರವಿಗೆ ಸುಮಾರು 3.8 ಮಂದಿಗೆ ಒಂದು ವರ್ಷದ ಕೆಲಸ. ರಾಜ್ಯಗಳ ನಡುವಿನ ವ್ಯತ್ಯಾಸವನ್ನು ಇಡೀ ದೇಶಕ್ಕೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೂ ಉತ್ತೇಜನದಿಂದ ಏನೂ ಆಗಲಿಲ್ಲ ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಇಷ್ಟೆಲ್ಲ ಪುರಾವೆ ಇದ್ದರೂ ಮತದಾರರಿಗೆ ಕೊರತೆ ಏರಿದೆಯೋ ಇಳಿದಿದೆಯೋ ಎಂಬುದೂ ಪಕ್ಷದ ಕಣ್ಣಿನಿಂದಲೇ ಕಾಣುತ್ತದೆ. 1992ರಲ್ಲಿ 29,000 ಕೋಟಿ ಡಾಲರ್ ಇದ್ದ ಕೊರತೆ ಡೆಮಾಕ್ರಟ್ ಅಧ್ಯಕ್ಷ ಕ್ಲಿಂಟನ್ ಕಾಲದಲ್ಲಿ, 1996ರ ಹೊತ್ತಿಗೆ 10,700 ಕೋಟಿಗೆ ಇಳಿದಿತ್ತು. ಆ ವರ್ಷದ ಸಮೀಕ್ಷೆಯಲ್ಲಿ ಬಹುಪಾಲು ರಿಪಬ್ಲಿಕನ್ನರು ಅದು ಏರಿದೆ ಎಂದೇ ಉತ್ತರಿಸಿದ್ದರು. ಡೆಮಾಕ್ರಟರೂ ಕಡಿಮೆಯೇನಲ್ಲ. ರಿಪಬ್ಲಿಕನ್ ಅಧ್ಯಕ್ಷ ರೇಗನ್ ಕಾಲದಲ್ಲಿ ಶೇ. 13ರಿಂದ ಶೇ. 4ರ ಆಸುಪಾಸಿಗೆ ಇಳಿದಿದ್ದ ಹಣದುಬ್ಬರ ಇನ್ನೂ ಕೆಟ್ಟಿದೆ ಎಂದು 1988ರಲ್ಲಿ ಅವರಲ್ಲಿ ಅನೇಕರು ಹೇಳಿದ್ದರು.

ನನ್ನನ್ನು ಹೆಚ್ಚು ಕಾಡುವುದು 2019. ಆ ಸೆಪ್ಟೆಂಬರಿನಲ್ಲಿ ನಿರುದ್ಯೋಗ ಶೇ. 3.5ಕ್ಕೆ ಇಳಿದು, 1969ರ ನಂತರದ ಕನಿಷ್ಠ ಮಟ್ಟದಲ್ಲಿತ್ತು. ತೆರಿಗೆ ತುಂಬಿ ಬರಬೇಕಾದ, ಸಾಲ ಇಳಿಸಬೇಕಾದ ಕಾಲ ಅದು. ಆದರೂ ಕೊರತೆ 98,000 ಕೋಟಿ ಡಾಲರ್ ದಾಟಿತ್ತು. ಅದರ ಹಿಂದೆ ರಿಪಬ್ಲಿಕನ್ನರ 2017ರ ತೆರಿಗೆ ಕಡಿತವಿತ್ತು, 2018ರಲ್ಲಿ ಎರಡೂ ಪಕ್ಷಗಳು ಕೂಡಿ ಏರಿಸಿದ ವೆಚ್ಚವೂ ಇತ್ತು. ದೂಷಣೆಗೆ ನಿಜವಾಗಿ ಅರ್ಹವಾಗಿದ್ದ ಕೊರತೆ ಅದೇ. 2009ರಲ್ಲಿ ಎದ್ದ ಗದ್ದಲದ ಅರ್ಧದಷ್ಟೂ ಅದರ ಬಗ್ಗೆ ಏಳಲಿಲ್ಲ.